ಸಹಾಯ ಬೇಕು: ಉಪಗ್ರಹ ಚಿತ್ರದಲ್ಲಿ ಮೋಡ ಯಾವುದು, ಹಿಮ ಯಾವುದು?

ಎಲ್ಲರಿಗೂ ನಮಸ್ಕಾರ. ಗದಗ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿಗೆ ಅಮೆರಿಕದ ಈರಿ ಸರೋವರದ ಉಪಗ್ರಹ ಚಿತ್ರ ತೋರಿಸಿದ್ದೆ. ಅಲ್ಲಿ ಚಳಿಗಾಲದ ಶುರುವಿಗೆ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಹಾದು ಬರುವ ಕೊರೆಯುವ ಗಾಳಿ ಶಾಖ, ತೇವ ಎರಡನ್ನೂ ಹೀರಿಕೊಂಡು ಆಚೆ ದಡದಲ್ಲಿ ಹಿಮ ಸುರಿಸುತ್ತದೆ. ಮೋಡದ ಪಟ್ಟಿಗಳು ಗಾಳಿಯ ದಿಕ್ಕಿಗೇ, ನಮ್ಮ ಎರೆಹೊಲದ ಬಿತ್ತನೆ ಸಾಲಿನಂತೆ ಉದ್ದಕ್ಕೆ ಕಾಣುತ್ತವೆ. 2022ರ ನವೆಂಬರಿನಲ್ಲಿ ಈ ಸರೋವರದ ದಡದ ಬಫಲೋ ನಗರದ ಪಕ್ಕದಲ್ಲಿ ಇಂಥ ಪಟ್ಟಿಯಿಂದ ಆರು ಅಡಿಗೂ ಜಾಸ್ತಿ ಹಿಮ ಬಿತ್ತು.

ಆಗ ಒಬ್ಬ ಹುಡುಗಿ, "ಸರ್, ಎರಡೂ ಬೆಳ್ಳಗ ಅದಾವ. ಮೋಡ ಯಾವ್ದು, ನೆಲದ ಮ್ಯಾಗಿನ ಹಿಮ ಯಾವ್ದು?" ಎಂದಳು. ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ (1.6 ಮೈಕ್ರಾನ್ ತರಂಗಾಂತರ) ತೆಗೆದ ಚಿತ್ರದಲ್ಲಿ ಹಿಮ ಕಪ್ಪಗೆ, ನೀರಹನಿಯ ಮೋಡ ಬೆಳ್ಳಗೆ ಕಾಣುತ್ತದೆ. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು, ಮಾಮೂಲಿ ಚಿತ್ರ, ಈ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು.

ಹುಬ್ಬಳ್ಳಿ-ಧಾರವಾಡ ಕಡೆ ಗೋಸ್ (GOES) ಎಂಬ ಅಮೆರಿಕದ ಹವಾಮಾನ ಉಪಗ್ರಹದ ಚಿತ್ರಗಳನ್ನು ಇಳಿಸಿ ವಿಡಿಯೊ ಮಾಡಲು ಬರುವವರು ಯಾರಾದರೂ ಇದ್ದೀರಾ? ಶಾಲೆಯಲ್ಲಿ ನೆಟ್ ನಿಧಾನ, ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಸಾಕು. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಬಫಲೋ ಕಡೆ ನಿಮ್ಮ ಮಕ್ಕಳು, ನೆಂಟರು ಇದ್ದರೆ ಹಿಮ ಬಿದ್ದ ದಿನದ ಫೋಟೊ ತಾರೀಖಿನ ಸಮೇತ ಕಳಿಸಲು ಹೇಳಿ. ಅದೇ ದಿನದ ಉಪಗ್ರಹ ಚಿತ್ರದ ಜೊತೆ ಮಕ್ಕಳೇ ಹೊಂದಿಸಿ ನೋಡಲಿ.