ಅದೇ ರಾಜಾ ಮತ್ತೆ ಹುಟ್ಟುತ್ತಾನೆಯೇ? – ಓದುಗರ ಸ್ಪಂದನ

ಸಮಸ್ಯೆ: ನಮ್ಮ ಮುಧೋಳ ನಾಯಿ ರಾಜಾನಿಗೆ ಹನ್ನೊಂದು ವರ್ಷ. ಕಿಡ್ನಿ ಕೆಟ್ಟಿದೆ, ಹೆಚ್ಚು ದಿನ ಇಲ್ಲ ಎಂದಿದ್ದಾರೆ. ಅಮೆರಿಕದಲ್ಲಿರುವ ಮಗ, ‘ಅಮ್ಮಾ, ಚರ್ಮದ ಚೂರು ತೆಗೆಸಿಡು, ಕ್ಲೋನ್ ಮಾಡಿಸೋಣ, ಖರ್ಚು ನಂದು’ ಅನ್ನುತ್ತಾನೆ. ಆಸೆಯೂ ಇದೆ, ಅಳುಕೂ ಇದೆ. ನಾಳೆ ಮನುಷ್ಯರನ್ನೂ ಹೀಗೇ ಮಾಡ್ತಾರಾ ಅಂತ ಮೊಮ್ಮಗಳು ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ಧಾರವಾಡ

ಅಮ್ಮಾ, ಕೋಶ ತೆಗೆದಿಡುವುದು ಬೇರೆ, ಆ ಕೋಶದಿಂದ ರಾಜಾನದೇ ವಂಶವಾಹಿಗಳಿರುವ ಮರಿ ಹುಟ್ಟಿಸುವುದು, ಅಂದರೆ ಕ್ಲೋನ್ ಮಾಡಿಸುವುದು ಬೇರೆ. ಎರಡನೆಯದನ್ನು ಈ ವಾರವೇ ತೀರ್ಮಾನಿಸಬೇಕಿಲ್ಲ. ಕೋಶ ತೆಗೆಸುವುದಾದರೆ ರಾಜಾ ಇರುವಾಗಲೇ ತೆಗೆಸಿ. ಹೊಟ್ಟೆಯ ಮೇಲೆ ಕೂದಲು ಬೋಳಿಸಿ, ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸಿ, ‘ಪಂಚ್’ ಎಂಬ 6 ಮಿ.ಮೀ. ದುಂಡು ಬ್ಲೇಡಿನಿಂದ ಎರಡು ಮೂರು ಬಿಲ್ಲೆ ಚರ್ಮ ತೆಗೆದರೆ ಸಾಕು. ಪೂರ್ತಿ ಅನಸ್ತೇಶಿಯಾಕ್ಕೆ ಮಾತ್ರ ಒಪ್ಪಬೇಡಿ. ಮುಧೋಳದಂಥ ತೆಳು ಮೈಯ ಬೇಟೆನಾಯಿಗಳಲ್ಲಿ ಕೊಬ್ಬು ಕಡಿಮೆ. ಹಾಗಾಗಿ ಥಯೊಪೆಂಟೋನ್ ಎಂಬ ಅರಿವಳಿಕೆ ಮದ್ದು ಕೊಟ್ಟರೆ ಎಚ್ಚರಾಗುವುದು ಬಹಳ ತಡ. ಮೇಲಾಗಿ ರಕ್ತದೊತ್ತಡ ಇಳಿದರೆ ಅಷ್ಟಿಷ್ಟು ಉಳಿದಿರುವ ಕಿಡ್ನಿಯೂ ಕೈಕೊಡುತ್ತದೆ. ಚೂರುಗಳನ್ನು ಸ್ಪಿರಿಟ್‌ಗೋ ಫಾರ್ಮಲಿನ್‌ಗೋ ಹಾಕಿದರೆ ಕೋಶಗಳು ಅಲ್ಲೇ ಸಾಯುತ್ತವೆ. ಅದಕ್ಕೆಂದೇ ಕೊಡುವ ದ್ರಾವಣದಲ್ಲಿ ಹಾಕಿ, ತಣ್ಣಗಿಟ್ಟು ಕಳಿಸಬೇಕು.

ಅಷ್ಟರೊಳಗೆ ರಾಜಾ ಹೋಗಿಬಿಟ್ಟರೆ, ದೇಹವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೂರು ತೆಗೆಸುವವರೆಗೆ ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಲ್ಲ. ಹೆಪ್ಪುಗಟ್ಟಿದರೆ ಐಸ್ ಹರಳುಗಳು ಕೋಶದ ಪೊರೆಯನ್ನು ಹರಿದುಹಾಕುತ್ತವೆ.
– ಪಶುವೈದ್ಯರು, ಹುಬ್ಬಳ್ಳಿ

ಚರ್ಮದ ಚೂರು ತೆಗೆದರೆ ರಾಜಾನಿಗೆ ಹೇಳಿಕೊಳ್ಳುವಂಥ ನೋವಿಲ್ಲ. ನೋವು ತಿನ್ನುವುದು ನೀವು ಎಂದೂ ನೋಡದ ಹೆಣ್ಣುನಾಯಿಗಳು. ಕಾರಣ ನಾಯಿಯ ಮೈಯೊಳಗೇ ಇದೆ. ಹಸು, ಎಮ್ಮೆಗಳ ಅಂಡ ಬಲಿತೇ ಹೊರಬೀಳುತ್ತದೆ. ನಾಯಿಯದು ಎಳಸಾಗಿ ಬಿದ್ದು, ಅಂಡನಾಳದಲ್ಲಿ ಎರಡು ಮೂರು ದಿನ ಕಳೆದ ಮೇಲೆ ಬಲಿಯುತ್ತದೆ. ಲ್ಯಾಬಿನ ತಟ್ಟೆಯಲ್ಲಿ ಅದನ್ನು ಬಲಿಸುವುದು ಇನ್ನೂ ಸರಿಯಾಗಿ ಕೈಗೂಡಿಲ್ಲ. ಹಾಗಾಗಿ ಬೆದೆಗೆ ಬಂದ ನಾಯಿಯ ರಕ್ತದಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನಿನ ಮಟ್ಟ ನೋಡಿ ದಿನ ಗೊತ್ತುಮಾಡಿ, ಹೊಟ್ಟೆ ಕೊಯ್ದು, ಅಂಡನಾಳಕ್ಕೆ ದ್ರಾವಣ ಹಾಯಿಸಿ ಅಂಡಗಳನ್ನು ತೊಳೆದು ತೆಗೆಯುತ್ತಾರೆ. ಆ ಅಂಡದ ತಳಿಗುಣ ಹೊತ್ತ ನ್ಯೂಕ್ಲಿಯಸ್ಸನ್ನು ಸೂಜಿಯಿಂದ ಹೀರಿ, ರಾಜಾನ ಕೋಶ ಸೇರಿಸಿ, ಕ್ಷಣಮಾತ್ರ ವಿದ್ಯುತ್ ಹರಿಸಿ ಬೆಸೆಯುತ್ತಾರೆ. ಆಮೇಲೆ ಭ್ರೂಣ ಬಿಡಲು ಇನ್ನೊಂದು ನಾಯಿಯ ಹೊಟ್ಟೆ ಕೊಯ್ಯಬೇಕು. ಅದೂ ಅದೇ ದಿನಗಳಲ್ಲಿ ಬೆದೆಗೆ ಬಂದಿರಬೇಕು, ಬೆದೆಯೋ ವರ್ಷಕ್ಕೆ ಒಂದೆರಡು ಸಲ. ನಾಯಿಗಳ ಹಿಂಡೇ ಸಾಕಿರಬೇಕಾಗುವುದು ಇದಕ್ಕೇ.

ಮೊದಲ ಕ್ಲೋನ್ ನಾಯಿ ಸ್ನಪ್ಪಿ 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿತು. ಅದಕ್ಕಾಗಿ 123 ಹೆಣ್ಣುನಾಯಿಗಳಿಗೆ 1,095 ಭ್ರೂಣ ಬಿಟ್ಟಿದ್ದರು. ಗಬ್ಬ ನಿಂತದ್ದು ಮೂರಕ್ಕೆ, ಹುಟ್ಟಿದ್ದು ಎರಡು ಮರಿ, ಅದರಲ್ಲೊಂದು 22 ದಿನಕ್ಕೆ ನ್ಯುಮೋನಿಯಾದಿಂದ ಸತ್ತಿತು. ಈಗ ಕೈ ಪಳಗಿದೆ, ಲೆಕ್ಕ ಸುಧಾರಿಸಿದೆ. ಕೊಯ್ಯುವುದು ತಪ್ಪಿಲ್ಲ. ಸುಮಾರು 50,000 ಡಾಲರ್ ಕಟ್ಟುವ ಮುಂಚೆ ಮಗ ಇಷ್ಟನ್ನು ಕೇಳಲಿ: ಎಷ್ಟು ನಾಯಿಗಳಿಂದ ಅಂಡ ತೆಗೆಯುತ್ತೀರಿ, ಎಷ್ಟಕ್ಕೆ ಭ್ರೂಣ ಬಿಡುತ್ತೀರಿ, ಒಂದೇ ನಾಯಿಗೆ ಎಷ್ಟು ಸಲ ಕತ್ತರಿ ಹಾಕುತ್ತೀರಿ, ಆಮೇಲೆ ಅವುಗಳನ್ನು ಯಾರು ಸಾಕುತ್ತಾರೆ, ಊನವಿರುವ ಮರಿ ಹುಟ್ಟಿದರೆ ಏನು ಮಾಡುತ್ತೀರಿ? ಬರಹದಲ್ಲಿ ಉತ್ತರ ಬಾರದಿದ್ದರೆ ಒಂದು ಕಾಸೂ ಕಟ್ಟಬಾರದು.
– ಭ್ರೂಣವಿಜ್ಞಾನ ತಂತ್ರಜ್ಞೆ, ಬೆಂಗಳೂರು

ನಾಯಿಯ ಮಟ್ಟಿಗೆ ನನ್ನದೂ ಬೇಡ ಎಂಬ ಮಾತೇ. ಹಾಗಂತ ಕ್ಲೋನಿಂಗ್ ಎಂದರೆ ಪೂರಾ ಪಾಪದ ಕೆಲಸ ಎಂದು ಮೊಮ್ಮಗಳಿಗೆ ಹೇಳಬೇಡಿ. 2009ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಗರಿಮಾ ಎಂಬ ಕ್ಲೋನ್ ಎಮ್ಮೆಗರು ಹುಟ್ಟಿತು. ಎಮ್ಮೆ ಕ್ಲೋನಿಂಗಿಗೆ ಕಸಾಯಿಖಾನೆಯಲ್ಲಿ ಬಿಸಾಡುವ ಅಂಡಾಶಯಗಳಿಂದಲೇ ಅಂಡ ಸಿಗುತ್ತದೆ, ಲ್ಯಾಬಿನಲ್ಲಿ ಒಂದು ದಿನದಲ್ಲಿ ಬಲಿಯುತ್ತದೆ. ಏಳು ದಿನದ ಭ್ರೂಣವನ್ನು ಕೊಯ್ಯದೆಯೇ ನಳಿಕೆಯಿಂದ ಗರ್ಭಕ್ಕೆ ಬಿಡಬಹುದು. ಅದೇ ಸಂಸ್ಥೆಯಲ್ಲಿ 2023ರಲ್ಲಿ ಗಿರ್ ತಳಿಯ ಹಸುವಿನ ಕ್ಲೋನ್ ಕರು ಗಂಗಾ ಹುಟ್ಟಿತು. ಇಲ್ಲೂ ತೊಡಕಿದೆ: ಹಸು, ಕುರಿಗಳಲ್ಲಿ ಕ್ಲೋನ್ ಕರು, ಮರಿ ಗರ್ಭದಲ್ಲೇ ಅತಿಯಾಗಿ ಬೆಳೆಯುವುದುಂಟು, ಮಾಸು ಸರಿಯಾಗಿ ಕೂಡದೆ ಗಬ್ಬ ಇಳಿಯುವುದುಂಟು. ಗರಿಮಾಗಿಂತ ಮೊದಲು ಹುಟ್ಟಿದ ಕರು ಕೆಲವೇ ದಿನ ಬದುಕಿತು.
– ಪಶು ಸಂತಾನಶಾಸ್ತ್ರದ ಉಪನ್ಯಾಸಕರು, ಬೀದರ್

ಹುಟ್ಟುವುದು ರಾಜಾ ಅಲ್ಲ, ರಾಜಾನ ತಡವಾಗಿ ಹುಟ್ಟಿದ ಅವಳಿ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎ ಅಂಡ ಕೊಟ್ಟ ನಾಯಿಯದು. ರಾಜಾನ ಎದೆಯ ಮೇಲೆ ಬಿಳಿ ಮಚ್ಚೆ ಇದ್ದರೆ ಮರಿಗೆ ಅದು ಅದೇ ಆಕಾರದಲ್ಲಿ ಬರುವುದಿಲ್ಲ: ಬಣ್ಣದ ಕೋಶಗಳು ಭ್ರೂಣದ ಬೆನ್ನಿನಿಂದ ಹೊಟ್ಟೆಯ ಕಡೆಗೆ ಸರಿದು ಬರುತ್ತವೆ, ಎಲ್ಲಿಗೆ ತಲುಪದೋ ಅಲ್ಲಿ ಬಿಳಿ. 2001ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಕ್ಲೋನ್ ಬೆಕ್ಕು ಸಿಸಿಗೆ ಮೂಲ ಬೆಕ್ಕಿನ ಕಿತ್ತಳೆ ಬಣ್ಣವೇ ಬರಲಿಲ್ಲ. ಬಾಗಿಲ ಸದ್ದಿಗೇ ನಿಮ್ಮನ್ನು ಗುರುತಿಸುವುದು ಹನ್ನೊಂದು ವರ್ಷದ ಒಡನಾಟದ ಫಲ. ಚರ್ಮದ ಚೂರಿನಲ್ಲಿ ಅದು ಇಲ್ಲ.

ಮೊಮ್ಮಗಳಿಗೆ ಹೀಗೆ ಹೇಳಿ: ಡಾಲಿ ಎಂಬ ಒಂದು ಕುರಿಮರಿಗಾಗಿ 1996ರಲ್ಲಿ 277 ಅಂಡಗಳಿಗೆ ಕೋಶ ಬೆಸೆದಿದ್ದರು. ಮನುಷ್ಯರಲ್ಲಿ ಅಷ್ಟು ಸೋಲನ್ನು ಹೊರಬೇಕಾದವರು ಹೆಂಗಸರು, ಹುಟ್ಟಿ ನರಳುವ ಕೂಸುಗಳು. ಆ ಕೂಸಿನ ಒಪ್ಪಿಗೆ ಕೇಳಲು ದಾರಿಯೇ ಇಲ್ಲ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಕ್ಲೋನಿಂಗ್‌ನಿಂದ ಮಗು ಹುಟ್ಟಿಸುವುದನ್ನು ನಿಷೇಧಿಸಿದೆ. ನನ್ನ ಮಟ್ಟಿಗೆ ಅದು ಸರಿಯಾದ ನಿಷೇಧ.
– ತಳಿವಿಜ್ಞಾನ ಅಧ್ಯಾಪಕಿ, ಮೈಸೂರು

ಅಕ್ಕಾರ, ರಾಜಾನ ರಕ್ತಾನ ಬೇಕಂದ್ರ ಮರಿ ಕೊಟ್ಟವರ ಮನಿ ಹುಡುಕ್ರಿ, ಅವನ ಅಣ್ಣತಮ್ಮಂದಿರ ಸಂತಾನ ಸಿಗಬಹುದು. ಇಲ್ಲಾಂದ್ರ ಮುಧೋಳ ಹತ್ರ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಾಗ ಕೇಳ್ರಿ. ತಾಯಿನ್ನ ಕಣ್ಣಾರೆ ನೋಡಿ ಮರಿ ತರ್ರಿ, ಎಂಟು ವಾರ ತುಂಬೂ ಮೊದಲ ತಾಯಿಂದ ಅಗಲಿಸಬ್ಯಾಡ್ರಿ.

ಅದು ಮುಂದಿನ ಮಾತು. ಈಗ ರಾಜಾಗ ಎಲುಬು ಹಾಕೂದು ನಿಲ್ಲಸ್ರಿ, ಅದರಾಗ ರಂಜಕ ಭಾಳ, ಕೆಟ್ಟ ಕಿಡ್ನಿ ಅದನ್ನ ಹೊರಗ ಹಾಕೂದಿಲ್ಲ. ಮೆತ್ತನ್ನ ಅನ್ನ, ಬೇಯಿಸಿದ ತತ್ತಿಯ ಬಿಳಿ ಭಾಗ ಉಪ್ಪಿಲ್ಲದ ಕೊಡ್ರಿ. ನೋವಿಗಂತ ಮನ್ಯಾಗಿನ ಐಬುಪ್ರೊಫೆನ್ ಗುಳಿಗಿ ಕೊಡಬ್ಯಾಡ್ರಿ. ನೀರಿನ ಬೋಗಣಿ ಎರಡು ಕಡೆ ಇಡ್ರಿ, ಒಂದು ಅವ ರಾತ್ರಿ ಮಲಗೂ ಜಾಗದ ಬಾಜೂಕ ಇರ್ಲಿ.
– ಮುಧೋಳ ತಳಿ ಸಾಕುವವರು, ಬಾಗಲಕೋಟೆ ಜಿಲ್ಲೆ