ಮಕ್ಕಳಿಗೆ ವರೈಯಾಡು ತೋರಿಸಿದವರು ಇದ್ದೀರಾ?

ಪ್ರಶ್ನೆ, ಹಾಸನದಿಂದ:
ಏಪ್ರಿಲ್ ರಜೆಗೆ ಮುನ್ನಾರ್ ಹೊರಟಿದ್ದೇವೆ. ಮಗಳಿಗೆ ಒಂಬತ್ತು, ಮಗನಿಗೆ ಆರು. ಅಲ್ಲಿನ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ನೀಲಗಿರಿ ತಾರ್, ಅಂದ್ರೆ ವರೈಯಾಡು ಅನ್ನೋ ಬೆಟ್ಟದ ಕಾಡು ಆಡು ನೋಡಬೇಕು ಅಂತ ನನಗೆ ತುಂಬಾ ಆಸೆ. ಮಕ್ಕಳು ಊರ ಮೇಕೆ ನೋಡಿದ ಹಾಗೆ ನೋಡಿ ಬರಬಾರದು. ಹೊರಡೋ ಮೊದಲು ನಿಮ್ಮ ಮಕ್ಕಳಿಗೆ ಏನು ಹೇಳಿದ್ರಿ?

ಚಿಕ್ಕಮಗಳೂರಿನಿಂದ:
ಏಪ್ರಿಲ್ ಒಳ್ಳೇ ಸಮಯ ಕಣ್ರೀ, ಮರಿಗಳೂ ಕಾಣಸಿಗುತ್ತವೆ. ನಾವು ಮೊದಲ ಸಲ ವಿಚಾರಿಸದೆ ಫೆಬ್ರುವರಿ ಕೊನೆಗೆ ಹೋಗಿ ಮುಚ್ಚಿದ ಗೇಟಿನ ಮುಂದೆ ನಿಂತಿದ್ವಿ. ಮರಿ ಹಾಕೋ ಕಾಲ ಅಂತ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಬಿಡೋದಿಲ್ಲ. ಮಗ ಅಳೋಕೆ ಶುರು ಮಾಡಿದ. "ಚಿಕ್ಕಮ್ಮ ಬಾಣಂತಿ ಆಗಿದ್ದಾಗ ಅವಳ ಕೋಣೆಗೆ ಎಲ್ಲರನ್ನೂ ಬಿಡ್ತಿರಲಿಲ್ಲ ಅಲ್ವಾ, ಇದೂ ಹಾಗೇ" ಅಂದೆ. ಅಷ್ಟಕ್ಕೇ ಸುಮ್ಮನಾದ.

ಎರಡನೇ ಸಲ ಹೊರಡೋ ಮುಂಚೆ ಮುಳ್ಳಯ್ಯನಗಿರಿಗೆ ಕರ್ಕೊಂಡು ಹೋದೆ. ನಾನು ಹೇಳೋದು ಇಷ್ಟೇ, ಪ್ರಾಣಿಗಿಂತ ಮೊದಲು ಬೆಟ್ಟ ತೋರಿಸಿ. ಮೇಲೆಲ್ಲ ಹುಲ್ಲು, ಕಣಿವೆ ಸಂದಿಯಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಎರವಿಕುಳಂ ಕೂಡ ಇಂಥದ್ದೇ ನೆಲ, ಆದರೆ ಇನ್ನೂ ಎತ್ತರ. ನಮ್ಮ ಗಿರಿ 1930 ಮೀಟರ್, ಅಲ್ಲಿನ ಆನೆಮುಡಿ 2695. ನೀಲಕುರಿಂಜಿ ಎರಡೂ ಕಡೆ ಅರಳುತ್ತೆ. 2022ರಲ್ಲಿ ಇಲ್ಲಿ ಅರಳಿದ್ದು ಮಗಳಿಗೆ ನೆನಪಿತ್ತು. "ಹುಲ್ಲೂ ಇದೆ, ಹೂವೂ ಇದೆ, ಮತ್ತೆ ಆ ಆಡು ಇಲ್ಲಿ ಯಾಕಿಲ್ಲ?" ಅಂತ ಅವಳೇ ಕೇಳಿದಳು. ನಾನು ಕಾಯ್ತಾ ಇದ್ದಿದ್ದೇ ಆ ಪ್ರಶ್ನೆಗೆ.

ಪ್ರಪಂಚದಲ್ಲಿ ಕಾಡುಪ್ರಾಣಿಯಾಗಿ ಅದು ಉಳಿದಿರೋದು ಕೇರಳ, ತಮಿಳುನಾಡಿನ ಬೆಟ್ಟಗಳಲ್ಲಿ ಮಾತ್ರ. ಹುಲ್ಲುಗಾವಲು ಟೀ ತೋಟ, ನೀಲಗಿರಿ ತೋಪುಗಳ ಪಾಲಾಯಿತು, ಬೇಟೆಯೂ ನಡೆಯಿತು. ಈಗ ಎಲ್ಲಾ ಸೇರಿ ಮೂರು ಸಾವಿರದೊಳಗೆ. ಅವಳ ಶಾಲೆಯಲ್ಲಿ 600 ಮಕ್ಕಳಿದ್ದಾರೆ. ಅಂಥ ಐದು ಶಾಲೆ ತುಂಬೋದಿಲ್ಲ ಅಂದಾಗ ಅವಳ ಮುಖ ನೋಡಬೇಕಿತ್ತು.

ಚಿಕ್ಕವನಿಗೆ ಲೆಕ್ಕ ಬೇಡ, ಗೊರಸು ತೋರಿಸಿ. ಬಾಟಲಿ ಮುಚ್ಚಳದೊಳಗೆ ಸ್ವಲ್ಪ ಹೊರಗೆ ಬರೋ ಹಾಗೆ ಸ್ಪಂಜು ತುರುಕಿ, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಒತ್ತಿ ಜಾರಿಸೋಕೆ ಹೇಳಿದೆ. ಬರೀ ಮುಚ್ಚಳ ಸರ್ರನೆ ಜಾರಿತು, ಸ್ಪಂಜಿನದು ಕಚ್ಚಿಕೊಂಡಿತು. ತಾರ್ ಗೊರಸೂ ಹಾಗೇ, ಅಂಚು ಗಟ್ಟಿ, ನಡುವೆ ಮೆತ್ತೆ. ಎರವಿಕುಳಂನ ರಾಜಮಲೆಯಲ್ಲಿ ಒಂದು ಮರಿ ಬಂಡೆಯ ಅಂಚಿನಲ್ಲಿ ನಿಂತಿದ್ದಾಗ ಅವನು ಮುಖ ನೋಡಲಿಲ್ಲ, ಕಾಲೇ ನೋಡ್ತಿದ್ದ.

ಹೆಸರನ್ನೂ ಹೇಳಿಕೊಡಿ. ತಮಿಳಿನಲ್ಲಿ ವರೈಯಾಡು. ವರೈ ಅಂದ್ರೆ ಬೆಟ್ಟ, ಆಡು ನಮ್ಮದೇ ಆಡು. ಆದರೆ ವಂಶವಾಹಿ ನೋಡಿದರೆ ಕುರಿಗೇ ಹತ್ತಿರ!

ಸಕಲೇಶಪುರದಿಂದ:
ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಅಲ್ಲಿ ತಾರ್ ರಸ್ತೆ ಪಕ್ಕಕ್ಕೇ ಬರುತ್ತವೆ. ನನ್ನ ಮಗಳು ಬಿಸ್ಕತ್ತು ಹಿಡಿದು ಕೈ ಚಾಚಿಬಿಟ್ಟಳು, ನಾನು ಹಿಡಿದೆಳೆದೆ. ಅವಳಿಗೆ ಅದು ಬೈದ ಹಾಗಾಗಿ ಉಳಿದ ಹೊತ್ತೆಲ್ಲ ಮಂಕಾಗಿದ್ದಳು. ತಿನ್ನಿಸಬಾರದು, ಮುಟ್ಟಬಾರದು ಅಂತ ಮನೆಯಲ್ಲೇ ಹೇಳಬೇಕಿತ್ತು ನಾನು. ವಾಪಸ್ ಬರುವಾಗ ದೊಡ್ಡ ಗಂಡೊಂದು ಮಂಜಿನಿಂದ ಹೊರಬಂತು, ಕಪ್ಪು ಮೈ, ಬೆನ್ನಿನ ಮೇಲೆ ಮಾತ್ರ ಬೆಳ್ಳಿ ಬಣ್ಣ. "ಅಪ್ಪಾ, ತಾತನ ಹಾಗೆ ನರೆತಿದೆ" ಅಂತ ಪಿಸುಗುಟ್ಟಿ, ಎರಡೂ ಕೈ ಸ್ವೆಟರ್ ಜೇಬಿಗೆ ಹಾಕ್ಕೊಂಡು ನಿಂತಳು.