ಟಿಪ್ಸ್ ಕೊಡುವ ಪದ್ಧತಿ ಇಲ್ಲ

"ಟಿಪ್ ನಂಬರ್ ಒಂಬತ್ತು," ಎಂದ ಕಿಟ್ಟಿ.

ಅಷ್ಟು ಹೊತ್ತಿಗೆ ಮಂಡಕ್ಕಿ ಒಗ್ಗರಣೆಯ ತಟ್ಟೆ ಅರ್ಧ ಖಾಲಿಯಾಗಿತ್ತು. ಖಾಲಿ ಮಾಡಿದವರು ಭಟ್ಟರು. ಒಂದರಿಂದ ಎಂಟರವರೆಗಿನ ಟಿಪ್ಸ್ ಅವರ ಕಿವಿಗೆ ಬಿದ್ದಿರಲಿಲ್ಲ. ಬಾಯಲ್ಲಿ ಕುರುಕುರು ಸದ್ದು ಅಷ್ಟಿತ್ತು.

ಸುಬ್ಬು, ಜಲಜಮ್ಮ ಅಕ್ಟೋಬರ್‌ನಲ್ಲಿ ಇಟಲಿಗೆ ಹೊರಟಿದ್ದಾರೆ. ಮ್ಯೂನಿಕ್‌ನಲ್ಲಿರುವ ಮಗಳು ಅಲ್ಲಿಗೇ ಬಂದು ಸೇರಿಕೊಳ್ಳುತ್ತಾಳೆ. ಸಿಯೆನಾ ಎಂಬ ಹಳೇ ಊರಿನಲ್ಲಿ ನಾಲ್ಕು ರಾತ್ರಿ. ಹಳೇ ಮನೆಯೊಂದನ್ನು ಹೋಟೆಲ್ ಮಾಡಿದ್ದಾರಂತೆ, ಅಲ್ಲಿ ರೂಮು. ಇದು ಇನ್ನೂ ಜುಲೈ. ಆಗಲೇ ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಮಲಗಿತ್ತು. ಅದರೊಳಗೆ ಎರಡು ಪೊಟ್ಟಣ ಚಟ್ನಿಪುಡಿ, ಒಂದು ಡಬ್ಬಿ ತುಪ್ಪ, ಒಂದು ನೀಲಿ ಪ್ಲಾಸ್ಟಿಕ್ ಮಗ್ಗು. ಬಟ್ಟೆ ಇನ್ನೂ ಇಟ್ಟಿರಲಿಲ್ಲ.

ಕಿಟ್ಟಿಯ ಹತ್ತಿರ ಈ ಊರಿಗೆಂದೇ 43 ಟಿಪ್ಸ್ ಇವೆ. ರೀಲ್ಸ್ ನೋಡಿ ನೋಡಿ ಫೋನಿನಲ್ಲಿ ನಂಬರ್ ಹಾಕಿ ಇಟ್ಟುಕೊಂಡಿದ್ದಾನೆ. ಮೊದಲೆಲ್ಲ ಜನ ಊರು ನೋಡಲು ಹೋಗುತ್ತಿದ್ದರು. ಈಗ ಟಿಪ್ಸ್ ಸರಿಯಾಗಿದೆಯೇ ಎಂದು ನೋಡಿಬರಲು ಹೋಗುತ್ತಾರೆ. ಹೋಟೆಲಿನಲ್ಲಿ ನಿದ್ದೆ ಮಾಡುವುದಕ್ಕೇ ಏಳು ಟಿಪ್ಸ್. ನಮ್ಮ ಭಟ್ಟರು ಅರಸೀಕೆರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಂದೂ ಟಿಪ್ ಇಲ್ಲದೆ ನಿದ್ದೆ ಮಾಡಿ ರೈಲು ತಪ್ಪಿಸಿಕೊಂಡವರು.

"ಒಂಬತ್ತು," ಎಂದ ಕಿಟ್ಟಿ ಮತ್ತೆ. "ಪಾಸ್‌ಪೋರ್ಟ್ ಯಾರ ಕೈಗೂ ಕೊಡಬಾರದು."

"ಹೋಟೆಲಿನವರು ಕೇಳಿದರೆ?" ಎಂದ ಸುಬ್ಬು.

"ಯಾರು ಕೇಳಿದರೂ."

"ಹಾಗಾದರೆ ಅವರು ರೂಮೂ ಕೊಡುವುದಿಲ್ಲ," ಎಂದೆ. "ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕು ಅಂತ ಅಲ್ಲಿ ಕಾನೂನು. ನೋಡಿ ಬರೆದುಕೊಂಡು ವಾಪಸ್ ಕೊಡುತ್ತಾರೆ. ಆಮೇಲೆ ಊರಿನ ತೆರಿಗೆ ಅಂತ ಒಂದಿದೆ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು. ದುಡ್ಡೆಲ್ಲ ಮೊದಲೇ ಕಟ್ಟಾಯಿತು ಅಂತ ನೀನು ನೆಮ್ಮದಿಯಾಗಿರುತ್ತೀಯ, ಕೌಂಟರಿನಲ್ಲಿ ಇನ್ನೊಂದು ಲೆಕ್ಕ ತೆಗೆಯುತ್ತಾರೆ. ಜಗಳ ಆಡಬೇಡ. ಅದು ಹೋಟೆಲಿನವನ ಜೇಬಿಗಲ್ಲ, ನಗರಸಭೆಗೆ."

ಕಿಟ್ಟಿ ಫೋನಿನಿಂದ ತಲೆ ಎತ್ತಿದ. "ನೀನು ಕೊಟ್ಟಿದ್ದೂ ಟಿಪ್ಸೇ ಅಲ್ವಾ?"

"ಅಲ್ಲ. ಇದು ಹರಟೆ. ಇದಕ್ಕೆ ನಂಬರ್ ಇಲ್ಲ."

ಭಟ್ಟರು ನೀರು ಕುಡಿದು ಗಂಟಲು ಸರಿ ಮಾಡಿಕೊಂಡರು. "ಟಿಪ್ಸ್ ಅಂದಿರಲ್ಲ, ಅಲ್ಲಿ ಊಟ ಆದಮೇಲೆ ಸಪ್ಲೈಯರಿಗೆ ಎಷ್ಟು ಕೊಡಬೇಕು?"

"ಕೊಡಲೇಬೇಕು ಅನ್ನುವ ಪದ್ಧತಿ ಅಲ್ಲಿಲ್ಲ ಭಟ್ಟರೇ. ಬಿಲ್ಲಿನಲ್ಲೇ ‘ಕೊಪೆರ್ತೊ’ ಅಂತ ತಲೆಗೆ ಒಂದೆರಡು ಯೂರೋ ಸೇರಿಸಿರುತ್ತಾರೆ. ಕೂತಿದ್ದಕ್ಕೆ."

"ಕೂತಿದ್ದಕ್ಕಾ?"

"ಕೂತಿದ್ದಕ್ಕೆ, ಮುಂದೆ ಬ್ರೆಡ್ಡು ಇಟ್ಟಿದ್ದಕ್ಕೆ. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲದ ದೇಶಕ್ಕೆ ನೋಡಿ, ಈ ಕಿಟ್ಟಿ 43 ಕೊಟ್ಟು ಕಳಿಸುತ್ತಿದ್ದಾನೆ."

ಕಿಟ್ಟಿಗೆ ಇದು ರುಚಿಸಲಿಲ್ಲ. ಜಲಜಮ್ಮ ಮಾತ್ರ ಬಾಗಿಲಲ್ಲೇ ನಿಂತು ನಕ್ಕರು. "ಬ್ರೆಡ್ಡು ಹೇಗಿರುತ್ತದೆ ಶೀನಣ್ಣ?"

"ಉಪ್ಪಿರುವುದಿಲ್ಲ. ಆ ಸೀಮೆ ಪೂರ್ತಿ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ದಿನ ನಾನು ಬಾಣಸಿಗ ಮರೆತ ಅಂದುಕೊಂಡೆ. ಎರಡನೇ ದಿನ ಅವನ ಮನೆಯಲ್ಲಿ ಏನೋ ತೊಂದರೆ ಅಂದುಕೊಂಡೆ. ಮೂರನೇ ದಿನ ವಿಚಾರಿಸಿದೆ."

"ಚಟ್ನಿಪುಡಿ ಇನ್ನೊಂದು ಪೊಟ್ಟಣ ಇಡುತ್ತೇನೆ," ಎಂದು ಅವರು ಒಳಗೆ ಹೋದರು. ಅರ್ಧ ದಾರಿಯಲ್ಲಿ ಕೂಗಿ ಹೇಳಿದೆ, ತುಪ್ಪ ಮಾತ್ರ ತೆಗೆದುಬಿಡಿ, ಹಾಲಿನ ಪದಾರ್ಥ ಹೊರಗಿನಿಂದ ತರಲು ಯುರೋಪಿನಲ್ಲಿ ಬಿಡುವುದಿಲ್ಲ ಎಂದು. ಭಟ್ಟರ ಮುಖ ಸಣ್ಣದಾಯಿತು. ಹೊರಟಿರುವುದು ಅವರಲ್ಲ. ಆದರೂ ತುಪ್ಪ ತುಪ್ಪವೇ.

"ಅಲ್ಲಿ ಅನ್ನ ಸಿಗುತ್ತಾ?" ಎಂದರು.

ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಕಿಟ್ಟಿ ಹನ್ನೆರಡಕ್ಕೆ ಹಾರಿದ್ದ. "ಮಗ್ಗು ತೆಗೆದುಕೊಂಡು ಹೋಗಬೇಕು. ಇದು ಬಹಳ ಮುಖ್ಯ. ಕಡ್ಡಾಯ."

"ಅದೂ ಬೇಡ," ಎಂದೆ. ಮೂವರೂ ನನ್ನನ್ನು ನಾಸ್ತಿಕನನ್ನು ನೋಡುವ ಹಾಗೆ ನೋಡಿದರು. "ಇಟಲಿಯ ಮನೆಗಳ ಬಚ್ಚಲಲ್ಲಿ ಬಿಡೇ ಇರಲೇಬೇಕು ಅಂತ ಸರ್ಕಾರದ ನಿಯಮವೇ ಇದೆ. ಕಮೋಡಿನ ಪಕ್ಕದಲ್ಲಿ ಗಿಡ್ಡಗೆ ಇನ್ನೊಂದು ತೊಟ್ಟಿ, ಅದಕ್ಕೊಂದು ನಲ್ಲಿ. ಹೋಟೆಲಿನಲ್ಲೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯುರೋಪಿನ ಬಹಳ ಕಡೆ ಕಾಗದವೇ ಗತಿ. ಇವರು ನಮ್ಮವರು. ನಿಯಮ ಬಂದ ದಿನ ಕೇಳಿ, 1975ರ ಜುಲೈ 5. ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂದಿದ್ದು ಜೂನ್ 25ಕ್ಕೆ. ಹತ್ತು ದಿನದ ಅಂತರದಲ್ಲಿ ಎರಡು ಸರ್ಕಾರ. ಒಂದು ಜನರ ಬಾಯಿ ಮುಚ್ಚುವ ಯೋಚನೆಯಲ್ಲಿತ್ತು, ಇನ್ನೊಂದು ಜನರ ಇನ್ನೊಂದು ಕಡೆಯ ಯೋಚನೆಯಲ್ಲಿತ್ತು."

"ಅದೂ ತುರ್ತು ಪರಿಸ್ಥಿತಿಯೇ," ಎಂದರು ಭಟ್ಟರು, ಅನುಭವದಿಂದ.

"ಅಂದ ಹಾಗೆ ಸುಬ್ಬು, ನಲ್ಲಿಯ ಮೇಲೆ ಸಿ ಅಂತ ಬರೆದಿದ್ದರೆ ಅದು ಕೋಲ್ಡ್ ಅಲ್ಲ. ಕಾಲ್ದೊ. ಬಿಸಿನೀರು. ತಣ್ಣೀರಿಗೆ ಎಫ್. ಬಿಡೇ ಮೇಲೆ ಕೂರುವ ಮುಂಚೆ ಇದೊಂದು ಜ್ಞಾಪಕ ಇರಲಿ."

ಸುಬ್ಬು ಕೂತಲ್ಲೇ ಸ್ವಲ್ಪ ಸರಿದು ಕೂತ.

ಕಿಟ್ಟಿ ಪಟಪಟ ಟೈಪ್ ಮಾಡುತ್ತಿದ್ದ. ನಾನು ಬಯ್ಯುತ್ತಾ ಹೇಳಿದ್ದೆಲ್ಲ ಅವನ ಪಟ್ಟಿಗೆ ಸೇರುತ್ತಿತ್ತು. ಟಿಪ್ಸಿನ ರೋಗವೇ ಹಾಗೆ, ಔಷಧಿಯನ್ನೂ ತಿಂದು ಬೆಳೆಯುತ್ತದೆ.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತಾಯಿತು?" ಎಂದ.

"ಸುಟ್ಟುಕೊಂಡು ಗೊತ್ತಾಯಿತು. ಸಿಯೆನಾದಲ್ಲಿ ಮೊದಲ ರಾತ್ರಿ ಏನಾಯಿತು ಕೇಳು. ಸ್ನಾನ ಮಾಡಿದೆ, ಬನಿಯನ್ ಒಗೆದೆ. ಒಣಗಿಸಲು ಜಾಗ ಬೇಕಲ್ಲ? ಷವರ್ ಪಕ್ಕದಲ್ಲಿ ಮೇಲಿನಿಂದ ಒಂದು ತೆಳು ದಾರ ಇಳಿಬಿಟ್ಟಿದ್ದರು, ತುದಿಯಲ್ಲಿ ಒಂದು ಕೆಂಪು ಗುಂಡು. ಎಂಥ ಅನುಕೂಲ ಮಾಡಿಟ್ಟಿದ್ದಾರೆ ಅಂದುಕೊಂಡು ಅದಕ್ಕೇ ಬನಿಯನ್ ಗಂಟು ಹಾಕಿದೆ. ಎರಡು ನಿಮಿಷಕ್ಕೆ ಬಾಗಿಲು ಬಡಬಡ. ತೆಗೆದರೆ ರಿಸೆಪ್ಷನ್ನಿನ ಹೆಂಗಸು ಏದುಸಿರು ಬಿಡುತ್ತಾ ನಿಂತಿದ್ದಾಳೆ, ಅವಳ ಹಿಂದೆ ಅಡುಗೆಯವನು, ಅವನ ಕೈಯಲ್ಲಿ ಸೌಟು. ಅದು ಬಚ್ಚಲಲ್ಲಿ ಜಾರಿ ಬಿದ್ದವರು ಎಳೆಯಬೇಕಾದ ದಾರವಂತೆ. ನನ್ನ ಒದ್ದೆ ಬನಿಯನ್ ಅಷ್ಟು ಹೊತ್ತೂ ಕೆಳಗೆ ಗಂಟೆ ಹೊಡೆಯುತ್ತಿತ್ತು. ನಾನು ಪಂಚೆಯಲ್ಲಿದ್ದೆ. ಅವಳು ಬನಿಯನ್ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಳಗೆ ಬಂದು ಗಂಟು ಬಿಚ್ಚಿ, ಬನಿಯನ್ ಮಡಿಸಿ, ಹೀಟರಿನ ಕಂಬಿಯ ಮೇಲೆ ಹಾಕಿ ಹೋದಳು. ಮುಂದಿನ ಮೂರು ದಿನ ಬೆಳಿಗ್ಗೆ ನನಗೆ ಮಾತ್ರ ಎರಡು ಬನ್ನು."

"ಬನ್ನಾ? ತಿಂಡಿಗಾ?" ಭಟ್ಟರಿಗೆ ಕಥೆಯಲ್ಲಿ ಕೇಳಿಸಿದ್ದು ಅದೊಂದೇ.

"ಅವರ ತಿಂಡಿ ಸಿಹಿ. ಕೊರ್ನೆತ್ತೊ ಅಂತ ಡೊಂಕು ಬನ್ನು, ಜೊತೆಗೆ ಕಾಫಿ. ಹೊರಗೆ ಅಂಗಡಿಯಲ್ಲಾದರೆ ಕಾಫಿ ಕೌಂಟರಿನ ಮುಂದೆ ನಿಂತುಕೊಂಡೇ ಕುಡಿಯಬೇಕು. ಕೂತರೆ ರೇಟು ಜಾಸ್ತಿ. ಥೇಟ್ ನಮ್ಮ ದರ್ಶಿನಿ. ಬೈಟು ಕೇಳಬೇಡಿ, ಅವರು ಕೊಡುವುದೇ ಬೈಟುವಿನ ಬೈಟು."

ಟಿಪ್ 22 ಕಾರಿನದು. ಬಾಡಿಗೆ ಕಾರು ತೆಗೆದುಕೊಂಡು ನೇರ ಹೋಟೆಲ್ ಬಾಗಿಲಿಗೇ ಇಳಿಯಬೇಕಂತೆ. ಹೀಗೆ ಹೇಳಿದವನು ಸಿಯೆನಾ ನೋಡಿರಲಾರ. ಊರಿನ ನಡುಭಾಗಕ್ಕೆ 1960ರ ದಶಕದಲ್ಲೇ ಕಾರು ಬಂದ್ ಮಾಡಿದವರು ಅವರು. ಈಗ ದಾರಿಯ ಬಾಯಲ್ಲಿ ಕ್ಯಾಮೆರಾ ಇದೆ. ಪರವಾನಗಿ ಇಲ್ಲದೆ ನುಗ್ಗಿದರೆ ಯಾರೂ ತಡೆಯುವುದಿಲ್ಲ, ಬೈಯುವುದಿಲ್ಲ. ನೀವು ಬಸವನಗುಡಿಗೆ ವಾಪಸ್ ಬಂದು, ಫೋಟೋ ಎಲ್ಲ ತೋರಿಸಿ ಮುಗಿಸಿ, ಆ ಊರನ್ನೇ ಮರೆತ ಮೇಲೆ ದಂಡದ ಕಾಗದ ಬರುತ್ತದೆ. ಕಾರೇ ಬೇಕೆಂದರೆ ಹೋಟೆಲಿಗೆ ಮೊದಲೇ ಕಾರಿನ ನಂಬರ್ ಕೊಟ್ಟು ವಿಚಾರಿಸಬೇಕು.

"ಮತ್ತೆ ಹೋಗುವುದು ಹೇಗೆ?" ಎಂದ ಸುಬ್ಬು.

"ರೈಲು ಸ್ಟೇಷನ್ ಗುಡ್ಡದ ಬುಡದಲ್ಲಿದೆ. ಅಲ್ಲಿಂದ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿಸಿ ಊರ ಹತ್ತಿರ ಬಿಡುತ್ತದೆ. ಆಮೇಲೆ ಕಲ್ಲುಹಾಸಿನ ಬೀದಿ. ಸೂಟ್‌ಕೇಸಿನ ಚಕ್ರ ಕರಕರ ಅನ್ನುವುದು ಇಡೀ ಬೀದಿಗೆ ಕೇಳುತ್ತದೆ. ನಮ್ಮಲ್ಲಿ ಕಸದ ಗಾಡಿ ಬಂದರೆ ಕಿಟಕಿ ತೆರೆಯುತ್ತಾರಲ್ಲ, ಹಾಗೆ ತೆರೆದು ನೋಡುತ್ತಾರೆ. ಹೋಟೆಲಿನಲ್ಲಿ ಲಿಫ್ಟ್ ಇದೆ ಅಂತ ಬರೆದಿದ್ದರು. ಇತ್ತು. ಅದರಲ್ಲಿ ಸೂಟ್‌ಕೇಸು ಹೋಗಬಹುದಿತ್ತು, ಇಲ್ಲ ನಾನು ಹೋಗಬಹುದಿತ್ತು. ರೂಮಿನ ಬೀಗದ ಕೈ ಹಿತ್ತಾಳೆಯದು, ಹಂಡೆ ಮುಚ್ಚಳದಷ್ಟು ತೂಕ. ಹೊರಗೆ ಹೋಗುವಾಗ ಕೌಂಟರಿನಲ್ಲಿ ಇಟ್ಟು ಹೋಗು ಅಂದರು. ಇಡದೆ ಹೋದರೆ ಪ್ಯಾಂಟು ಅಲ್ಲೇ ಉಳಿಯುತ್ತಿತ್ತು."

"31," ಎಂದ ಕಿಟ್ಟಿ. ಸೋಲೊಪ್ಪುವ ಜಾತಿ ಅಲ್ಲ. "ಊರ ನಡುವಿನ ಚೌಕ, ಕ್ಯಾಂಪೊ, ಅದು ಕಾಣುವ ರೂಮೇ ಕೇಳಿ ತೆಗೆದುಕೊಳ್ಳಬೇಕು. ವ್ಯೂ ಇಲ್ಲದ ರೂಮು ವೇಸ್ಟು."

"ನನ್ನ ಕಿಟಕಿಯಿಂದ ಗೋಡೆ ಕಾಣುತ್ತಿತ್ತು," ಎಂದೆ. "ಕ್ಯಾಂಪೊ ಬೇಕಾದರೆ ಎದ್ದು ಹೋಗಿ ನೆಲದ ಮೇಲೆ ಕೂರಬಹುದು. ಅಷ್ಟು ದೊಡ್ಡ ಚೌಕ, ಇಟ್ಟಿಗೆ ನೆಲ, ಮೊರದ ಹಾಗೆ ಒಂದು ಕಡೆಗೆ ಇಳಿಜಾರು. ಜುಲೈ 2, ಆಗಸ್ಟ್ 16ಕ್ಕೆ ಅಲ್ಲೇ ಕುದುರೆ ಓಟ. ಹದಿನೇಳು ಕೇರಿಯಲ್ಲಿ ಹತ್ತು ಕೇರಿಯ ಕುದುರೆ, ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಮುಗಿಯಿತು. ಅದಕ್ಕೆ ವರ್ಷವಿಡೀ ಜಗಳ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೆ ರೇಟು ಕೇಳಿ ನಿದ್ದೆ ಬರುವುದಿಲ್ಲ. ನಿದ್ದೆಯ ಏಳು ಟಿಪ್ಸೂ ದಂಡ."

"ಹಾಗಾದರೆ ಏನೂ ತಿಳಿದುಕೊಳ್ಳದೆ ಹೋಗಬೇಕು ಅಂತೀಯಾ?" ಕಿಟ್ಟಿಗೆ ಸಿಟ್ಟು ಬಂದಿತ್ತು.

ನನಗೂ ಏರಿತ್ತು. "ಸಾವಿರ ವರ್ಷದ ಹಿಂದೆ, 990ರ ಸುಮಾರಿಗೆ, ಸಿಗೆರಿಕ್ ಅಂತ ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪು ರೋಮಿಗೆ ಹೋಗಿದ್ದ. ವಾಪಸ್ ಬರುವಾಗ ತಂಗಿದ ಜಾಗಗಳ ಪಟ್ಟಿ ಉಳಿದಿದೆ. ಸುಮಾರು 80 ಊರು. ಅದರಲ್ಲಿ ಸಿಯೆನಾ ಒಂದು. ಬರೀ ಹೆಸರು ಕಣೋ! ಹಾಸಿಗೆ ಮೆತ್ತಗಿತ್ತಾ, ತಿಂಡಿ ಫ್ರೀನಾ, ಒಂದು ಅಕ್ಷರ ಇಲ್ಲ. ಆ ದಾರಿಯ ಯಾತ್ರಿಕರಿಗೆ ಅಂತಲೇ ಆಮೇಲೆ ಊರ ದೊಡ್ಡ ಚರ್ಚಿನ ಎದುರಿಗೆ ಛತ್ರ ಕಟ್ಟಿದರು, ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಅಂತ. ಛತ್ರವೂ ಹೌದು, ಆಸ್ಪತ್ರೆಯೂ ಹೌದು. ಈಗ ಮ್ಯೂಸಿಯಂ. 1440ರ ದಶಕದಲ್ಲಿ ಗೋಡೆ ಮೇಲೆ ಬರೆದ ಚಿತ್ರ ಇವೆ. ಗಾಯ ಆದವನ ಕಾಲು ತೊಳೆಯುತ್ತಿದ್ದಾರೆ, ಮುಂದುಗಡೆ ಬೆಕ್ಕು ನಾಯಿ ಜಗಳ ಆಡುತ್ತಿವೆ. ಥೇಟ್ ನಮ್ಮ ಜಿಲ್ಲಾಸ್ಪತ್ರೆ."

"ನಮ್ಮಪ್ಪನೂ ಹಾಗೇ," ಎಂದ ಸುಬ್ಬು ಇದ್ದಕ್ಕಿದ್ದಂತೆ. "ಹೋಲ್ಡಾಲ್ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ನಂಜನಗೂಡಿನಲ್ಲಿ ಇಳಿದು ‘ಇಲ್ಲಿ ಛತ್ರ ಎಲ್ಲಿದೆ ಸ್ವಾಮಿ’ ಅಂತ ಮೊದಲು ಸಿಕ್ಕಿದವರನ್ನು ಕೇಳುವುದು. ಆತ ತಾನೇ ಕರೆದುಕೊಂಡು ಹೋಗಿ ಬಿಡುತ್ತಿದ್ದ. ದಾರಿಯಲ್ಲಿ ಇಬ್ಬರಿಗೂ ಯಾವುದೋ ನೆಂಟಸ್ತನ ಹೊರಡುತ್ತಿತ್ತು."

ಯಾರೂ ಮಾತಾಡಲಿಲ್ಲ. ಮಳೆ ಹನಿಯುತ್ತಿತ್ತು. ಜಲಜಮ್ಮ ಕಾಫಿ ತಂದಿಟ್ಟರು. ಕಿಟ್ಟಿಗೆ ಲೋಟ ಕೊಡುತ್ತಾ ಸಹಜವಾಗಿಯೇ ಕೇಳಿದರು, "ನೀವು ಯಾವ ವರ್ಷ ಹೋಗಿದ್ದಿರಿ ಕಿಟ್ಟಣ್ಣ?"

"ನಾನು ಹೋಗಿಲ್ಲ ಜಲಜಮ್ಮ."

"ಇಟಲಿಗಲ್ಲ, ಫಾರಿನ್‌ಗೆ?"

"ಎಲ್ಲೂ ಇಲ್ಲ. 2012ರಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದೆ. ಆ ವರ್ಷವೇ ಅಮ್ಮ ಬಚ್ಚಲಲ್ಲಿ ಬಿದ್ದರಲ್ಲ. ಅವರನ್ನು ಬಿಟ್ಟು ಹೋಗುವುದು ಹೇಗೆ? 2022ಕ್ಕೆ ಅವಧಿ ಮುಗಿಯಿತು. ಒಂದು ಪುಟಕ್ಕೂ ಸೀಲು ಬಿದ್ದಿಲ್ಲ, ಹೊಸದರ ಹಾಗೇ ಇದೆ." ಕಾಫಿ ಊದಿದ. "ರಾತ್ರಿ ಅಮ್ಮನಿಗೆ ಎರಡು ಸಲ ಮಗ್ಗುಲು ಬದಲಿಸಬೇಕು. ನಡುವೆ ನಿದ್ದೆ ಬರುವುದಿಲ್ಲ. ಇವನ್ನೆಲ್ಲ ನೋಡುತ್ತಾ ಇರುತ್ತೇನೆ."

ನಾನು ಮಂಡಕ್ಕಿ ತಟ್ಟೆಗೆ ಕೈ ಹಾಕಿದೆ. ತಳದಲ್ಲಿ ಒಣಮೆಣಸಿನಕಾಯಿ ಮಾತ್ರ ಉಳಿದಿತ್ತು.

"ಶೀನ," ಎಂದ ಕಿಟ್ಟಿ. "ನಿನ್ನ ಕಿಟಕಿಯಿಂದ ಗೋಡೆ ಕಾಣುತ್ತಿತ್ತು ಅಂದೆಯಲ್ಲ. ಎಂಥ ಗೋಡೆ?"

ಒಂದು ತಮಾಷೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹಳೇ ಇಟ್ಟಿಗೆ ಗೋಡೆ. ಅಲ್ಲಲ್ಲಿ ಗಾರೆ ಎದ್ದಿತ್ತು. ಒಂದು ಹಸಿರು ಕಿಟಕಿ ಬಾಗಿಲು, ಒಂದು ಹಗ್ಗ, ಹಗ್ಗಕ್ಕೆ ಒಂದೇ ಒಂದು ಕಾಲುಚೀಲ. ನಾಲ್ಕು ದಿನವೂ ಅದೊಂದೇ ನೇತಾಡುತ್ತಿತ್ತು. ಬೆಳಿಗ್ಗೆ ಗೋಡೆ ಬರೀ ಮಣ್ಣಿನ ಬಣ್ಣ. ಸಾಯಂಕಾಲ ಬಿಸಿಲು ಬಿದ್ದರೆ ಕೆಂಪಗೆ, ಹೇಗೆ ಹೇಳಲಿ, ಸುಟ್ಟ ಹೆಂಚಿನ ಹಾಗೆ..."

"ಬರ್ನ್ಟ್ ಸಿಯೆನ್ನಾ," ಎಂದ ಕಿಟ್ಟಿ.

"ಅದೇ. ಆ ಬಣ್ಣಕ್ಕೆ ಹೆಸರು ಬಂದದ್ದೇ ಆ ಊರಿನಿಂದ. ಆ ಕಡೆಯ ಮಣ್ಣು ಸುಟ್ಟು ಮಾಡುತ್ತಿದ್ದರಂತೆ."

"ಮಿಡ್ಲ್‌ಸ್ಕೂಲಿನಲ್ಲಿ ಬಣ್ಣದ ಡಬ್ಬಿಯಲ್ಲಿ ಆ ಟ್ಯೂಬ್ ಇರುತ್ತಿತ್ತು ನೋಡು. ಯಾರೂ ಮುಟ್ಟುತ್ತಿರಲಿಲ್ಲ. ನಾನು ಅದರಲ್ಲಿ ಚಾಮುಂಡಿ ಬೆಟ್ಟ ಬಳಿದಿದ್ದೆ. ಪೂರ್ತಿ ಟ್ಯೂಬು. ಬೆಟ್ಟ ಹಸಿರಿರಬೇಕು ಅಂತ ಡ್ರಾಯಿಂಗ್ ಮೇಷ್ಟ್ರು ಕೈಗೆ ಸ್ಕೇಲಿನಲ್ಲಿ ಹೊಡೆದರು." ಅಂಗೈ ನೋಡಿಕೊಂಡ. "ಸಾಯಂಕಾಲದ ಬೆಟ್ಟ ಸಾರ್ ಅಂತ ಹೇಳಬೇಕಾಗಿತ್ತು. ಆಗ ಹೊಳೆಯಲಿಲ್ಲ."

ಭಟ್ಟರು ಖಾಲಿ ಲೋಟ ಕೆಳಗಿಟ್ಟರು. "ಅಲ್ಲಿ ಅನ್ನ ಸಿಗುತ್ತಾ ಅಂತ ಕೇಳಿ ಒಂದು ಗಂಟೆ ಆಯಿತು. ಯಾರೂ ಹೇಳಲೇ ಇಲ್ಲ."

"ಸಿಗುತ್ತದೆ ಭಟ್ಟರೇ," ಎಂದ ಕಿಟ್ಟಿ, ಫೋನು ಎತ್ತಿಕೊಂಡು. "ರಿಸೊತ್ತೊ ಅಂತ. ಟಿಪ್ ನಂಬರ್ 38."

"ಓದು, ಓದು," ಎಂದೆ.